ಮೂರು ಸಲ ಬಾಗಿಲು ತಟ್ಟಿದ ರಾತ್ರಿ

ಪರೀಕ್ಷೆಯ ದಿನಗಳು ಹತ್ತಿರವಾದರೆ ದೇವರಿಗೆ ಬಿಡುವಿರುವುದಿಲ್ಲ. ಹಾಲ್ ಟಿಕೆಟ್ಟು ದೇವರ ಪಟದ ಮುಂದೆ ಕೂರುತ್ತದೆ, ಪೆನ್ನಿಗೆ ಕುಂಕುಮ ಹತ್ತುತ್ತದೆ, ಚರ್ಚಿನಲ್ಲಿ ಮೇಣದಬತ್ತಿಗಳ ಸಾಲು ಉದ್ದವಾಗುತ್ತದೆ. ಮಗ ಅಂಕ ಕೇಳುತ್ತಾನೆ, ತಂದೆ ಸೀಟು ಕೇಳುತ್ತಾರೆ, ತಾಯಿ ಇಬ್ಬರ ನೆಮ್ಮದಿಯನ್ನೂ ಕೇಳುತ್ತಾಳೆ.

ಕೇಳುವುದರಲ್ಲಿ ತಪ್ಪೇನಿಲ್ಲ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಆಯಾ ದಿನದ ಅನ್ನದ ಬೇಡಿಕೆಯಿದೆ. ಆದರೆ ಅನ್ನ ಕೇಳುವ ಮೊದಲೇ ಅಲ್ಲಿ ದೇವರ ಇಷ್ಟ ನಡೆಯಲೆಂಬ ಮಾತು ಬಂದುಹೋಗುತ್ತದೆ. ಬೇಡುವವನು ಸಿಕ್ಕಿಬೀಳುವುದು ಅಲ್ಲೇ. ಕೊಡಬೇಕಾದ ದೇವರೇ ತಿರುಗಿ ಏನನ್ನಾದರೂ ಕೇಳಿಬಿಟ್ಟರೆ?

ಹಾಗೆ ಸಿಕ್ಕಿಬಿದ್ದ ಹುಡುಗಿಯೊಬ್ಬಳ ಕತೆ ವೆಲ್ಲೂರಿನದು. ಕೋಲಾರ, ಬೆಂಗಳೂರಿನ ಎಷ್ಟೋ ಮನೆಗಳಿಗೆ ಆ ಊರು ಹೊಸದಲ್ಲ. ಕಾಯಿಲೆ ಕೈಮೀರಿದಾಗ ‘ಒಮ್ಮೆ ವೆಲ್ಲೂರಿಗೆ ತೋರಿಸಿ’ ಎನ್ನುವ ಹಿರಿಯರು ಇದ್ದೇ ಇರುತ್ತಾರೆ. ಕಾಟ್ಪಾಡಿಯಲ್ಲಿ ರೈಲಿಳಿದು ಹೋಗುವ ಆ ದೊಡ್ಡ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಹಿಂದೆ ಒಂದು ರಾತ್ರಿಯ ನಿದ್ದೆಗೇಡು ಇದೆ.

ಐಡಾ ಸ್ಕಡರ್ ಹುಟ್ಟಿದ್ದು 1870ರ ಡಿಸೆಂಬರಿನಲ್ಲಿ, ಈಗಿನ ತಮಿಳುನಾಡಿನ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ 1819ರಲ್ಲಿ ಅಮೆರಿಕದಿಂದ ಸಿಲೋನಿಗೆ ಹೊರಟ ವೈದ್ಯ ಮಿಷನರಿ. ಅಪ್ಪನೂ ವೈದ್ಯರು, ಮಿಷನರಿ. ಮನೆತನದ ತುಂಬ ಅದೇ ಕಸುಬು. ಐಡಾ ಮಾತ್ರ ತನಗದು ಬೇಡವೆಂದು ನಿಶ್ಚಯಿಸಿದ್ದಳು. 1876-78ರ ಭೀಕರ ಬರಗಾಲದಲ್ಲಿ, ಕೈ ಎತ್ತಲೂ ತ್ರಾಣವಿಲ್ಲದ ಮಕ್ಕಳ ಬಾಯಿಗೆ ರೊಟ್ಟಿಯ ತುಣುಕು ಇಟ್ಟ ಎಳೆಯ ನೆನಪು ಅವಳದು. ಬಿಸಿಲು, ಹಸಿವು, ಕಾಯಿಲೆಯ ಈ ಊರು ಸಾಕು. ಅಮೆರಿಕದಲ್ಲಿ ಓದಿ, ಮದುವೆಯಾಗಿ ಅಲ್ಲೇ ನೆಲೆಸುವುದು ಎಂಬುದು ಅವಳ ಲೆಕ್ಕ. 1890ರಲ್ಲಿ ತಿಂಡಿವನಂಗೆ ಬಂದದ್ದು ತಾಯಿಗೆ ಮೈ ಸರಿಯಿಲ್ಲವೆಂಬ ಕಾರಣಕ್ಕೆ, ನಾಲ್ಕು ದಿನ ಇದ್ದು ಹೋಗಲು.

ಒಂದು ರಾತ್ರಿ ಬಾಗಿಲಲ್ಲಿ ಬ್ರಾಹ್ಮಣ ಯುವಕನೊಬ್ಬ ಬಂದು ನಿಂತ. ಹೆಂಡತಿಗೆ ಹೆರಿಗೆ ನೋವು, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ನೀವು ಬರಬೇಕು ಎಂದ. ತಾನು ವೈದ್ಯೆಯಲ್ಲ, ಅಪ್ಪನನ್ನು ಕಳಿಸುತ್ತೇನೆ ಎಂದಳು ಐಡಾ. ಪರಗಂಡಸು ತನ್ನ ಹೆಂಡತಿಯನ್ನು ನೋಡುವಂತಿಲ್ಲ ಎಂದು ಅವನು ಹಿಂತಿರುಗಿದ. ಸ್ವಲ್ಪ ಹೊತ್ತಿಗೆ ಒಬ್ಬ ಮುಸ್ಲಿಂ ಗೃಹಸ್ಥ ಬಂದ. ಅದೇ ಸಂಕಟ, ಅದೇ ಮಾತು. ಆಮೇಲೆ ಮೂರನೆಯವನು. ಅವನೂ ಬಂದ ದಾರಿಯಲ್ಲೇ ಹೋದ. ಮೂವರ ಜಾತಿ, ಮತ, ಮನೆ ಬೇರೆ ಬೇರೆ; ಹೇಳಿದ ‘ಆಗದು’ ಒಂದೇ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು, ವಿದ್ಯೆಯೂ ಇತ್ತು. ಆದರೆ ಆ ವಿದ್ಯೆ ಹೋಗಬಲ್ಲ ದಾರಿ ಇರಲಿಲ್ಲ.

ಆ ರಾತ್ರಿ ಐಡಾ ಮಲಗಲಿಲ್ಲ, ಪ್ರಾರ್ಥಿಸಿದಳು. ಅದು ಶಾಂತವಾಗಿ ಕಣ್ಣು ಮುಚ್ಚಿದ ಪ್ರಾರ್ಥನೆಯಲ್ಲ, ಹೆಚ್ಚುಕಡಿಮೆ ಜಗಳ. ಈ ದೇಶದಲ್ಲಿ ಉಳಿಯಲು ತನಗೆ ಇಷ್ಟವಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಬೆಳಗಾಗುವಾಗ ಬೀದಿಯಲ್ಲಿ ಸಾವಿನ ತಮಟೆ ಕೇಳಿಸಿತು. ಆಳನ್ನು ಕಳಿಸಿ ವಿಚಾರಿಸಿದರೆ ಮೂವರು ಹೆಂಗಸರೂ ತೀರಿಹೋಗಿದ್ದರು. ಐಡಾ ತಂದೆತಾಯಿಗಳ ಬಳಿಗೆ ಹೋದಳು: ತಾನು ಡಾಕ್ಟರಾಗುತ್ತೇನೆ, ಓದಿ ಇಲ್ಲಿಗೇ ಬರುತ್ತೇನೆ.

ಈ ಕತೆಯನ್ನು ಹೇಳುವವರು ಬಹುಮಟ್ಟಿಗೆ ಇಲ್ಲಿಗೆ ನಿಲ್ಲಿಸುತ್ತಾರೆ. ವಿದ್ಯಾರ್ಥಿಗಳಿಗೆ ಬೇಕಾದದ್ದು ಇದರ ಮುಂದಿನ ಭಾಗ. ನಿರ್ಧಾರಕ್ಕೆ ಹಿಡಿದದ್ದು ಒಂದು ರಾತ್ರಿ, ಸಿದ್ಧತೆಗೆ ಹಿಡಿದದ್ದು ವರ್ಷಗಳು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದು; ಕೊನೆಗೆ ಕಾರ್ನೆಲ್‌ನಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ ಆಗಷ್ಟೇ ಬಾಗಿಲು ತೆರೆದಿತ್ತು. 1899ರಲ್ಲಿ ಪದವಿ ಪಡೆದು, 1900ರಲ್ಲಿ ಅವರು ವೆಲ್ಲೂರಿಗೆ ಬಂದರು. ಅದೇ ವರ್ಷ ತಂದೆ ತೀರಿಕೊಂಡರು. ಮನೆಯ ಪುಟ್ಟ ಕೋಣೆಯೊಂದೇ ದವಾಖಾನೆಯಾಯಿತು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದಿತು. ಬರಲಾರದ ರೋಗಿಗಳಿಗಾಗಿ ಗುಡಿಯಾತ್ತಂ ರಸ್ತೆಯಲ್ಲಿ ಹೊರಟರು. ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಮೋಟಾರಿನಲ್ಲಿ. ಮರದ ನೆರಳಲ್ಲಿ ಕಾದು ಕುಳಿತವರಿಗೆ ಅಲ್ಲೇ ಮದ್ದು.

ಯೇಸು ಹೇಳಿದ ದೃಷ್ಟಾಂತವೊಂದರಲ್ಲಿ, ಕಳ್ಳರು ಬಡಿದು ದಾರಿಯಲ್ಲಿ ಬಿಸಾಡಿದವನನ್ನು ಕಂಡು ಯಾಜಕನೊಬ್ಬ ಆಚೆ ಬದಿಯಿಂದ ಹೋಗುತ್ತಾನೆ. ದೇವಾಲಯದ ಸೇವೆಯ ಇನ್ನೊಬ್ಬನೂ ಹಾಗೆಯೇ. ನಿಲ್ಲುವವನು ಸಮಾರ್ಯದವನು, ಆ ಜನ ದೂರವಿಟ್ಟ ಪಂಗಡದವನು. ಅವನು ಗಾಯ ಕಟ್ಟಿ ಸುಮ್ಮನಾಗುವುದಿಲ್ಲ. ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಸೇರಿಸುತ್ತಾನೆ, ಛತ್ರದವನಿಗೆ ಎರಡು ನಾಣ್ಯ ಕೊಡುತ್ತಾನೆ, ಹೆಚ್ಚು ಖರ್ಚಾದರೆ ವಾಪಸು ಬರುವಾಗ ತೀರಿಸುವ ಮಾತು ಕೊಡುತ್ತಾನೆ. ಕನಿಕರ ಆ ಗಳಿಗೆಯದು. ಎರಡು ನಾಣ್ಯ ನಾಳೆಯದು. ಪ್ರೀತಿಗೂ ಲೆಕ್ಕ, ಜವಾಬ್ದಾರಿ, ಮರಳಿ ಬಂದು ನೋಡುವ ಅಭ್ಯಾಸ ಬೇಕು.

ಡಾಕ್ಟರ್ ಐಡಾ ಅವರಿಗೆ ಈ ನಾಳೆಯ ಲೆಕ್ಕ ಬೇಗ ಅರ್ಥವಾಯಿತು. ಒಬ್ಬಳೇ ಎಷ್ಟು ಬಾಗಿಲಿಗೆ ಹೋಗಲು ಸಾಧ್ಯ? 1909ರಲ್ಲಿ ದಾದಿಯರ ಶಾಲೆ ತೆರೆದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ಆರಂಭವಾಯಿತು. ಮೂವರಾದರೂ ಅರ್ಜಿ ಹಾಕಿಯಾರೇ ಎಂದು ಸರ್ಕಾರದ ಹಿರಿಯ ವೈದ್ಯಾಧಿಕಾರಿಗೇ ಅನುಮಾನ. ಸೇರಿಸಿಕೊಳ್ಳಲಾಗದಷ್ಟು ಅರ್ಜಿ ಬಂದವು. ಮೊದಲ ವರ್ಷದ ಪರೀಕ್ಷೆಗೆ ಕುಳಿತ 14 ಹುಡುಗಿಯರೂ ಪಾಸಾದರು; ಆ ಸಲ ಪ್ರಾಂತದ ಹುಡುಗರಲ್ಲಿ ಪಾಸಾದವರು ಐವರಲ್ಲಿ ಒಬ್ಬರಂತೆ. ಆ ಹುಡುಗಿಯರೂ ಪರೀಕ್ಷೆಗೆ ಮುನ್ನ ಪ್ರಾರ್ಥಿಸಿಯೇ ಇದ್ದಾರು. ಆದರೆ ರಾತ್ರಿಯೆಲ್ಲ ಮೂಳೆ, ನರಗಳ ಹೆಸರನ್ನು ಬಾಯಿಪಾಠ ಮಾಡಿದವರೂ ಅವರೇ.

ವೆಲ್ಲೂರಿನಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರಾರ್ಥಿಸುವ ರೂಢಿಯಿದೆ. ಹಾಗೆಂದು ಪ್ರಾರ್ಥನೆಯಾಯಿತಲ್ಲ ಎಂದು ಅಲ್ಲಿ ಯಾರೂ ಕೈ ತೊಳೆಯದೆ ಕತ್ತರಿ ಹಿಡಿಯುವುದಿಲ್ಲ. ಒಂದು ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ.

ಕೇಳಿದ್ದು ಸಿಗದೇ ಹೋದರೆ? ಮಕ್ಕಳು ಕೇಳಬಹುದಾದ ಈ ಪ್ರಶ್ನೆಗೂ ಆ ಊರಿನಲ್ಲೇ ಒಂದು ಬದುಕಿದೆ. ಕೇರಳದ ಮೇರಿ ವರ್ಗೀಸ್ ವೆಲ್ಲೂರಿನಲ್ಲಿ ಓದಿದ ಯುವ ವೈದ್ಯೆ. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಕಾಲಿನ ಶಕ್ತಿ ಮರಳಲಿಲ್ಲ. ಕೈ ಉಳಿದಿತ್ತು. ಕುಷ್ಠದಿಂದ ಮಡಚಿಹೋದ ಕೈಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದೆಂದು ಅಲ್ಲಿನ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಸೂಚಿಸಿದರು. ಗಾಲಿಕುರ್ಚಿಯಲ್ಲಿ ಕುಳಿತು ಆಕೆ ಇತರರ ಬೆರಳುಗಳನ್ನು ನೆಟ್ಟಗೆ ಮಾಡಿದರು. ಅಂಗವಿಕಲರ ಪುನರ್ವಸತಿಗಾಗಿ 1966ರಲ್ಲಿ ಅವರು ಕಟ್ಟಿದ ಕೇಂದ್ರ ದೇಶಕ್ಕೇ ಮೇಲ್ಪಂಕ್ತಿಯಾಯಿತು. ತನ್ನ ಕಾಲಿಗೆ ಬಾರದ ಚೇತರಿಕೆ ಆ ಕೈಗಳ ಮೂಲಕ ಬೇರೆಯವರಿಗೆ ಹೋಯಿತು.

ಐಡಾ ಸ್ಕಡರ್ 1960ರ ಮೇ ತಿಂಗಳಲ್ಲಿ ತೀರಿಕೊಂಡಾಗ ವಯಸ್ಸು 89. ಮದುವೆಯಾಗಲಿಲ್ಲ, ಅಮೆರಿಕದಲ್ಲಿ ನೆಲೆಸಲಿಲ್ಲ. ‘ಡಾಕ್ಟರ್ ಐಡಾ, ಇಂಡಿಯಾ’ ಎಂದಷ್ಟೇ ಬರೆದ ಕಾಗದವೊಂದು ಅವರ ಕೈಸೇರಿತ್ತಂತೆ. ಯಾವ ದೇಶ ಬೇಡವೆಂದಿದ್ದರೋ ಆ ದೇಶವೇ ಅವರ ವಿಳಾಸವಾಗಿತ್ತು.

ಎಲ್ಲರ ಬಾಗಿಲಿಗೂ ಒಂದೇ ರಾತ್ರಿ ಮೂರು ಸಾವಿನ ಸುದ್ದಿ ಬರಬೇಕಾಗಿಲ್ಲ. ಪರೀಕ್ಷೆಗೆ ಓದುತ್ತಿರುವ ಹುಡುಗನ ಬಾಗಿಲಿಗೆ ಬರುವುದು ಹೆಚ್ಚೆಂದರೆ ಲೆಕ್ಕ ತಿಳಿಯದೆ ಅಳುಮೋರೆ ಮಾಡಿಕೊಂಡ ಪಕ್ಕದ ಮನೆಯವನು, ನಡುಮನೆಯಲ್ಲಿ ನೀರು ಕೇಳುವ ಅಜ್ಜಿ, ಜ್ವರದಿಂದ ನೋಟ್ಸ್ ತಪ್ಪಿಸಿಕೊಂಡ ಗೆಳೆಯ. ಹತ್ತು ನಿಮಿಷದ ಕೆಲಸ. ಆಗ ಮಗ ಪುಸ್ತಕ ಮಡಚಿ ಎದ್ದರೆ, ‘ನಿನ್ನ ಓದು ನೋಡಿಕೋ’ ಎಂಬ ಮಾತು ಅಪ್ಪ ಅಮ್ಮಂದಿರ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ಆಡದೆ ನುಂಗಿಕೊಂಡರೆ ಸಾಕು. ಸಂಜೆ ದೇವರ ಮುಂದೆ ಅವನು ಕೇಳಿಕೊಂಡದ್ದು ತನಗಾಗಿ. ಈಗ ಎದ್ದು ಹೋಗುತ್ತಿರುವುದು ಇನ್ನೊಬ್ಬರಿಗಾಗಿ. ಅವನ ಪ್ರಾರ್ಥನೆ ಇನ್ನೂ ಮುಗಿದಿಲ್ಲ.