ಸೊನ್ನೆ ಮಿಲಿಮೀಟರ್

ನನ್ನ ಸಂಶೋಧನಾ ಪ್ರಬಂಧದ ನಕ್ಷೆಯ ಪ್ರಕಾರ ಆಗಸ್ಟ್ ಮೊದಲ ವಾರದಲ್ಲಿ ಕೊಡಗಿನ ಭಾಗಮಂಡಲದಲ್ಲಿ ಹನಿ ಮಳೆಯೂ ಬಿದ್ದಿರಲಿಲ್ಲ. ಅದೇ ವಾರ ಅಲ್ಲಿನ ಸಂಗಮದಲ್ಲಿ ಕಾವೇರಿ, ಕನ್ನಿಕೆ ಎರಡೂ ಉಕ್ಕಿ ನಾಪೋಕ್ಲು ರಸ್ತೆ ಮುಳುಗಿತ್ತು.

ಜನ ತಮ್ಮ ಮನೆಯ ಮಳೆಯ ಅಂಕಿಯನ್ನು ನನ್ನ ಆ್ಯಪ್‌ಗೆ ಹಾಕುತ್ತಿದ್ದರು, ಅದರಿಂದ ನಕ್ಷೆ ಮೂಡುತ್ತಿತ್ತು. ಮಾಹಿತಿ ಬಾರದ ದಿನವನ್ನು ಸೊನ್ನೆ ಎಂದು ತುಂಬಿಕೊಳ್ಳುವಂತೆ ಪ್ರೋಗ್ರಾಂ ಬರೆದವಳು ನಾನೇ. ಮರ ಬಿದ್ದು ಕರೆಂಟ್ ಹೋದರೆ, ಟವರಿನ ಬ್ಯಾಟರಿ ಖಾಲಿಯಾದರೆ, ಊರಿಗೆ ಊರೇ ನೆಟ್‌ವರ್ಕ್ ಇಲ್ಲದೆ ಕೂರುತ್ತದೆ. ಮಳೆ ಜೋರಾದಷ್ಟೂ ನನಗೆ ಬರುವ ಅಂಕಿ ಕಡಿಮೆ. ನೆಟ್‌ವರ್ಕ್ ಮರಳಿದ ಮೇಲೆ ತಡೆದು ನಿಂತಿದ್ದ ಅಂಕಿಗಳೆಲ್ಲ ಒಟ್ಟಿಗೆ ಬಂದು, ಬಂದ ದಿನದ ತಾರೀಕಿಗೇ ಜಮೆಯಾಗುತ್ತಿದ್ದವು. ಬಿಸಿಲು ಬಿದ್ದ ದಿನ ನಕ್ಷೆಯಲ್ಲಿ ಮಹಾಮಳೆ.

2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋದ ಮೇಲೆ ಈ ಕೆಲಸಕ್ಕೆ ಕೈಹಾಕಿದ್ದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ರೈತರು ಹವಾಮಾನ ಕೇಳಿಕೊಳ್ಳಬಹುದು. ಆದರೆ ಬೆಟ್ಟದ ಸೀಮೆಯಲ್ಲಿ ಈ ತೋಟಕ್ಕೆ ಬಿದ್ದ ಮಳೆ ಪಕ್ಕದ ತೋಟಕ್ಕೆ ಬಿದ್ದಿರುವುದಿಲ್ಲ. ಮನೆಮನೆಯಿಂದ ಅಂಕಿ ಬಂದರೆ ಮುನ್ಸೂಚನೆ ಹತ್ತಿರವಾಗುತ್ತದೆ ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ.

ನಕ್ಷೆ ಹಿಡಿದುಕೊಂಡು ಒಂದು ಕಾಫಿ ಬೆಳೆಗಾರರ ಮನೆಗೆ ಹೋದೆ. ಮನೆಯ ಹಿರಿಯಾಕೆ ಅದನ್ನು ಒಂದು ಕ್ಷಣ ನೋಡಿ, ಏನೂ ಹೇಳದೆ ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಿಂದ ಕ್ಯಾಲೆಂಡರ್ ತೆಗೆದು ಕೊಟ್ಟರು. ಪ್ರತಿ ತಾರೀಕಿನ ಚೌಕದಲ್ಲೂ ಪೆನ್ಸಿಲ್‌ನಲ್ಲಿ ಬರೆದ ಅಂಕಿ: 3.15, 4.80, 6.40. ಕೆಲವು ಚೌಕಗಳಲ್ಲಿ ಅಂಕಿಯ ಕೆಳಗೆ ‘ರಸ್ತೆ ಬಂದ್’, ‘ಕರೆಂಟ್ ಇಲ್ಲ’. ಹಳೆಯ ವರ್ಷಗಳ ಕ್ಯಾಲೆಂಡರ್‌ಗಳು ಸುರುಳಿ ಸುತ್ತಿ ಅಟ್ಟದ ಮೇಲಿದ್ದವು.

“ನೀವು ಮೊದಲು ಬಂದಾಗಲೂ ಇದು ಇಲ್ಲೇ ಇತ್ತಲ್ಲಮ್ಮ,” ಎಂದರು.

ಇತ್ತು. ಸಂದರ್ಶನದ ಟಿಪ್ಪಣಿಯಲ್ಲಿ ‘ಸಾಂಪ್ರದಾಯಿಕ ದಾಖಲೆ ಪದ್ಧತಿ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ.

ಕೊಡಗಿನ ತೋಟಗಾರರ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ನನ್ನ ಆ್ಯಪ್ ಕೇಳಿದ್ದು ಮಿಲಿಮೀಟರ್. 6.40 ಎಂದರೆ 162 ಮಿಲಿಮೀಟರಿಗೂ ಮಿಕ್ಕಿದ ಮಳೆ. ಅದನ್ನು ಅವರು ರೂಢಿಯಂತೆ 6.40 ಎಂದೇ ಹಾಕಿದ್ದರು, ಆ್ಯಪ್ ಅದನ್ನು ತುಂತುರು ಎಂದು ದಾಖಲಿಸಿತ್ತು. ಇಂತಹ ಅಂಕಿಗಳನ್ನು ‘ಬಳಕೆದಾರರ ತಪ್ಪು’ ಎಂಬ ಪಟ್ಟಿಗೆ ಹಾಕಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕ್ಯಾಲೆಂಡರ್ ಬರೇ ದಾಖಲೆಯೂ ಆಗಿರಲಿಲ್ಲ. ಅಂಕಿ ಆರು ದಾಟಿದರೆ ನಾಪೋಕ್ಲು ಕಡೆ ಹೊಳೆಬದಿಯಲ್ಲಿ ಗದ್ದೆಯಿರುವ ನೆಂಟರಿಗೆ ಫೋನ್ ಹೋಗುತ್ತಿತ್ತು: ಪಂಪ್‌ಸೆಟ್ ಮೇಲೆತ್ತಿ, ದನ ಬಿಚ್ಚಿ. ನಾನು ಕಟ್ಟಲು ಹೊರಟ ಎಚ್ಚರಿಕೆ ವ್ಯವಸ್ಥೆ ಅಲ್ಲಿ ಆಗಲೇ ನಡೆಯುತ್ತಿತ್ತು. ಅದಕ್ಕೆ ಬೇಕಿದ್ದದ್ದು ನೆಟ್‌ವರ್ಕ್ ಹೋದಾಗ ಆ ಒಂದು ಮಾತನ್ನು ಕೆಳಗಿನ ಊರಿಗೆ ತಲುಪಿಸುವ ದಾರಿ. ನಿಮಗೆ ಬೇಕಿರುವುದೇನು ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಕೇಳಬೇಕೆಂದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸಮುದಾಯ ಮಾಹಿತಿ ವಿಜ್ಞಾನಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ಕೆನಡಾದ ಮೈಕೆಲ್ ಗರ್ಸ್ಟೀನ್, ಸಾಧನ ಕೈಗೆ ಸಿಕ್ಕರೆ ಸಾಲದು, ಅದು ಜನರ ಕೆಲಸಕ್ಕೆ ಒದಗಬೇಕು ಎಂದು ವಾದಿಸುತ್ತಲೇ ಬಂದವರು. 2011ರ ಲೇಖನವೊಂದರಲ್ಲಿ ಅವರು ಎತ್ತಿಕೊಂಡ ಉದಾಹರಣೆ ನಮ್ಮ ‘ಭೂಮಿ’ ಯೋಜನೆಯದೇ: ಪಹಣಿ ಕಂಪ್ಯೂಟರಿಗೆ ಏರಿದಾಗ ಅದನ್ನು ಬಳಸಿಕೊಳ್ಳುವ ಹಣ, ತಿಳಿವಳಿಕೆ ಇದ್ದವರಿಗೆ ಹೆಚ್ಚು ಲಾಭವಾಯಿತು ಎಂಬ ಅಧ್ಯಯನವನ್ನು ಮುಂದಿಟ್ಟಿದ್ದರು. ಆ ಲೇಖನವನ್ನು ನನ್ನ ಮೊದಲ ಅಧ್ಯಾಯದಲ್ಲೇ ಉದ್ಧರಿಸಿದ್ದೆ. ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಎಂಬ ಲೆಕ್ಕ ಮಾತ್ರ ನನ್ನ ವರದಿಗಳಲ್ಲಿ ಮೆಚ್ಚುಗೆ ಗಳಿಸುತ್ತಿತ್ತು, ಅದರಲ್ಲೇ ಮೈಮರೆತೆ.

ನಕ್ಷೆಯಿದ್ದ ಅಧ್ಯಾಯವನ್ನು ಪ್ರಬಂಧದಿಂದ ತೆಗೆದೆ. ಕ್ಯಾಲೆಂಡರ್‌ಗಳ ಮೇಲೆ ಹೊಸದಾಗಿ ಕೆಲಸ ಶುರುವಾಗಿದೆ. ಬಾರದ ಅಂಕಿಯ ಜಾಗ ಈಗ ಖಾಲಿಯೇ ಇರುತ್ತದೆ. ಹಿರಿಯಾಕೆ ಒಂದು ಷರತ್ತು ಹಾಕಿದ್ದಾರೆ: ಮಳೆಯ ಅಂಕಿ ಯಾರು ಬೇಕಾದರೂ ನೋಡಲಿ, ಆದರೆ ನೀರು ಬಂದಾಗ ಯಾವ ಮನೆಯವರು ಎಲ್ಲಿಗೆ ಹೋದರು ಎಂದು ಕ್ಯಾಲೆಂಡರ್‌ಗಳಲ್ಲಿ ಬರೆದದ್ದು ಊರಾಚೆ ಹೋಗಕೂಡದು. ಒಪ್ಪಿಗೆ ಪತ್ರದ ಮೊದಲ ಸಾಲಾಗಿ ಅದನ್ನೇ ಬರೆದು ಇಬ್ಬರೂ ಸಹಿ ಹಾಕಿದ್ದೇವೆ.