ನಾಳೆ ಬಂದ್ರೆ ಆಗ್ತೈತಿ ಅಂತ ಬರ್ದು ಕೊಡ್ತೀಯೇನಪ್ಪ?



ಕೂಡ್ಲಿಗಿ ಪಕ್ಕದ ಹಳ್ಳಿಯ ಅಕ್ಕ ಒಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿ ಹಿಡ್ಕೊಂಡು ನಮ್ಮ ಕಚೇರಿಗೆ ಮೂರು ದಿನ ಬಂದ್ರು. ಮೂರು ದಿನದ ಕೂಲಿ ಹೋಯ್ತು. ಪರದೆ ಮೇಲೆ ಚಕ್ರ ತಿರುಗ್ತಾನೇ ಇತ್ತು. "ಸರ್ವರ್ ಬಿಜಿ ಐತಕ್ಕ, ನಾಳೆ ಬಾ" ಅಂದೆ. "ನಾಳೆ ಬಂದ್ರೆ ಆಗ್ತೈತಿ ಅಂತ ಬರ್ದು ಕೊಡ್ತೀಯೇನಪ್ಪ?" ಅಂತ ಕೇಳಿದ್ರು. ಹೆಂಗೆ ಕೊಡ್ಲಿ? ಕೊನೇ ದಿನಾಂಕ ಮುಗೀತು. ಆ ವರ್ಷದ ದುಡ್ಡು ಹುಡುಗಿಗೆ ಬರಲೇ ಇಲ್ಲ.

ಈ ಮಾತನ್ನ ಎಂಸಿಎ ಓದುವ ನಮ್ಮ ಸಂಘಟನೆಯ ಹುಡುಗನಿಗೆ ಹೇಳಿದೆ. ಅವನು, "ಅಣ್ಣಾ, ಬರೆದು ಕೊಡೋ ವಿದ್ಯೆ ಬೆಂಗಳೂರಲ್ಲೇ ಐತಿ" ಅಂದ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಜಯಂತ್ ಹರಿತ್ಸ ಅವರ ಸಂಶೋಧನೆ ಅದು. ನಾನು ಬಿಎ ಓದಿದವನು, ತಿಳಿದಷ್ಟು ಹೇಳ್ತೀನಿ.

ದೊಡ್ಡ ರಿಜಿಸ್ಟರ್‌ನಲ್ಲಿ ಹತ್ತು ಹೆಸರು ಬೇಕಂದ್ರೆ ಸೂಚಿ ನೋಡಿ ಆ ಪುಟಕ್ಕೇ ಹೋಗ್ತೀವಿ. ಹತ್ತು ಸಾವಿರ ಬೇಕಂದ್ರೆ ಮೊದಲ ಪುಟದಿಂದ ಓದೋದೇ ಲೇಸು. ಕಂಪ್ಯೂಟರೂ ಹಂಗೇ, ಎಷ್ಟು ಹೆಸರು ಸಿಗಬಹುದು ಅಂತ ಮೊದಲು ಅಂದಾಜು ಮಾಡಿ ದಾರಿ ಆರಿಸುತ್ತೆ. ಅಂದಾಜು ತಪ್ಪಿದ್ರೆ ಕ್ಷಣದ ಕೆಲಸ ಗಂಟೆಗಟ್ಟಲೆ ಎಳೆಯುತ್ತೆ.

2014ರಲ್ಲಿ ಹರಿತ್ಸ ಮತ್ತು ಅಂಶುಮಾನ್ ದತ್ ಅಂದಾಜನ್ನೇ ಕೈಬಿಟ್ಟು ನೋಡಿದರು. 'ಪ್ಲಾನ್ ಬೊಕೆ' ಅಂತ ಹೆಸರು, ಅಂದ್ರೆ ದಾರಿಗಳ ಹೂಗುಚ್ಛ. ಒಂದು ದಾರಿಗೆ 1 ನಿಮಿಷ ಕೊಡು. ಆಗಲಿಲ್ಲವಾ, ಬಿಟ್ಟು ಇನ್ನೊಂದಕ್ಕೆ 2 ಕೊಡು. ಆಮೇಲೆ 4, 8, 16. ಕೆಲಸ ನಿಜಕ್ಕೂ 9 ನಿಮಿಷದ್ದಾಗಿದ್ರೆ ಮೊದಲ 15 ನಿಮಿಷ ದಂಡ, ಕೊನೆಗೆ 16, ಒಟ್ಟು 31 ದಾಟಲ್ಲ. ಗೊತ್ತಿಲ್ಲದ ಅಂಶ ಒಂದೇ ಇದ್ದರೆ, ಎಂಥಾ ಕೆಟ್ಟ ಗಳಿಗೆಯಲ್ಲೂ ಉತ್ತಮ ದಾರಿಯ ನಾಲ್ಕು ಪಟ್ಟು ಮೀರಲ್ಲ ಅಂತ ಗಣಿತದಲ್ಲಿ ಸಾಧಿಸಿ ಕೊಟ್ಟಿದ್ದಾರೆ. ಗೊತ್ತಿಲ್ಲದ್ದು ಹೆಚ್ಚಾದರೆ ಆ ಮಿತಿಯೂ ಹೆಚ್ಚುತ್ತೆ, ಆದ್ರೆ ಮಿತಿ ಅಂತ ಒಂದು ಇರುತ್ತೆ. ಅದೇ ವರ್ಷ ಹರಿತ್ಸರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು.

ನಮ್ಮ ಚಕ್ರ ತಿರುಗೋಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಕರೆಂಟು, ನೆಟ್‌ವರ್ಕು, ಕೊನೇ ದಿನದ ನೂಕುನುಗ್ಗಲು ಎಲ್ಲಾ ಐತಿ. ನನ್ನ ಮನಸ್ಸಲ್ಲಿ ಕೂತಿದ್ದು ಬೇರೆ. ಸಭೆಗಳಲ್ಲಿ ಯಾವಾಗಲೂ ಸರಾಸರಿ ಲೆಕ್ಕ ಓದ್ತಾರೆ: ಸರಾಸರಿ ಇಷ್ಟು ದಿನದಲ್ಲಿ ಅರ್ಜಿ ವಿಲೇವಾರಿ. ಸರಾಸರಿಯಲ್ಲಿ ಆ ಅಕ್ಕನ ಮೂರು ದಿನ ಕರಗಿ ಹೋಗುತ್ತೆ. ಈ ಲ್ಯಾಬಿನವರು ಅತೀ ಕೆಟ್ಟ ಗತಿ ಯಾರದು, ಎಷ್ಟು ಅಂತಲೇ ಲೆಕ್ಕ ಶುರು ಮಾಡಿದ್ದಾರೆ. ನಮ್ಮ ಕೇರಿಯವರು ನಿಲ್ಲೋದು ಸಾಮಾನ್ಯವಾಗಿ ಆ ತುದಿಯಲ್ಲೇ. ಅಂದಾಜಿನ ಕಥೆಯಂತೂ ಕೇಳಲೇಬೇಡಿ, ಹೆಸರು ನೋಡಿದ ಕೂಡಲೇ ನಮ್ಮ ಮಕ್ಕಳ ಮೇಲೆ ಅಂದಾಜು ಮಾಡಿ ಮುಗಿಸಿರ್ತಾರೆ.

ಅವತ್ತಿಂದ ನಾನೊಂದು ಕೆಲಸ ಮಾಡ್ತಿದ್ದೀನಿ. ವಾಪಸ್ ಕಳಿಸೋ ಪ್ರತಿಯೊಬ್ಬರಿಗೂ ತಾರೀಖು, ಗಂಟೆ, "ಬಂದಿದ್ದರು, ಸರ್ವರ್ ತೆರೆಯಲಿಲ್ಲ" ಅಂತ ಬರೆದು ಸಹಿ ಹಾಕಿ ಕೊಡ್ತೀನಿ. ಕೊನೇ ದಿನಾಂಕ ಮುಂದೂಡಿ ಅಂತ ಕೊಡುವ ಮನವಿಗೆ ಅವೇ ಆಧಾರ. ಮೇಲಿನವರಿಗೆ ಸಿಟ್ಟು ಬಂದೈತಿ. ಈ ವಾರ ಹದಿನಾಲ್ಕು ಚೀಟಿ ಆಗಿವೆ.