ಕಾಲ್ಕಡಗದ ಒಳಗಿನ ಅಕ್ಷರ

ಬೆಳ್ಳಿ ಸಾಮಾನಿನ ಮುದ್ರೆ ಓದೋ ಹುಚ್ಚು ಹತ್ತಿದೆ ನಂಗೆ. ತ್ಸಾರ್ ಕಾಲದ ರಷ್ಯಾದ ಚಮಚದ ಮೇಲೆ '84' ಅಂತಿದ್ರೆ 96ರಲ್ಲಿ 84 ಪಾಲು ಬೆಳ್ಳಿ, ಅಂದ್ರೆ ಸಾವಿರಕ್ಕೆ 875. ಪಕ್ಕದ ಅಕ್ಷರ ಹಿಡಿದು ಮಾಡಿದವನ ಹೆಸರನ್ನೂ ಪುಸ್ತಕದಲ್ಲಿ ಹುಡುಕಬಹುದು.

ನವಲಗುಂದದ ನಮ್ಮಜ್ಜಿಯ ಕಾಲ್ಕಡಗದ ಒಳಗೂ ಮುದ್ರೆ ಇದೆ, ಅರ್ಧ ಸವೆದ ಒಂದೇ ಅಕ್ಷರ. ತಂಗಿ ಮದುವೆಗೆ ಅದನ್ನ ಕರಗಿಸೋ ಮಾತು ನಡೀತಿದೆ. ಅಂಗಡಿಯವರು ತೂಗ್ತಾರೆ, ಒರೆಗಲ್ಲಿಗೆ ಉಜ್ಜಿ ಬೆಳ್ಳಿ ಎಂಥದು ಅಂತಾರೆ... ಯಾರು ಮಾಡಿದ್ದು ಅಂತ ಯಾರಿಗೆ ಬೇಕು?

'ನಮ್ಮ ಓಣಿ ಪತ್ತಾರಂದೋ ತಮ್ಮಾ, ಹತ್ತಿ ಚೊಲೋ ಬಂದ ವರ್ಷ ಮಾಡಿಸಿದ್ದು' ಅಂದ್ಲು ಅಜ್ಜಿ.

ಬೆಳ್ಳಿ ಹಾಲ್‌ಮಾರ್ಕಿಗೆ ಬಿಐಎಸ್‌ನವರು ಆರಕ್ಷರದ ಎಚ್‌ಯುಐಡಿ ಶುರು ಮಾಡಿದ್ದು 2025ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಹಿಂದಿನ ಇಂಥವಕ್ಕೆ ಅಜ್ಜಿಯಂದಿರೇ ರಿಜಿಸ್ಟರು. ಫೋಟೋ ತೆಗೆದು, ತೂಕದ ಜೊತೆ ಪತ್ತಾರರ ಹೆಸರನ್ನೂ ಬರೆದಿಟ್ಟಿದೀನಿ. ನಿಮ್ಮನೆ ಡಾಬು, ಗೆಜ್ಜೆಗಳನ್ನೂ ಒಮ್ಮೆ ತಿರುಗಿಸಿ ನೋಡ್ರಿ.